ಅಂಗನವಾಡಿಯ ಅಂಗಳ, ಮನೆಯ ಜಗಲಿ



1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕು. ಅಲ್ಲಿಂದ ಹೊರಟ ಆ ಕೆಲಸ ಇವತ್ತು ಕರ್ನಾಟಕದ ಊರೂರಿಗೂ ತಲುಪಿದೆ. ರಾಜ್ಯದಲ್ಲಿ ಈಗ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಶಾಲೆ, ಆಸ್ಪತ್ರೆ ದೂರವಿರುವ ಹಾಡಿ, ತಾಂಡಾಗಳಲ್ಲೂ ಒಂದು ಅಂಗನವಾಡಿ ಇರುತ್ತದೆ.

ಅಂಗನವಾಡಿ ಎಂದ ಕೂಡಲೇ ನಮಗೆ ನೆನಪಾಗುವುದು ಊಟ, ಹಾಲು, ಮೊಟ್ಟೆ. ಅದು ಸಹಜವೇ. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಮಕ್ಕಳ ಲೋಟಕ್ಕೆ 150 ಮಿಲಿಲೀಟರ್ ಬಿಸಿ ಹಾಲು ಬಂತು. 2017ರಲ್ಲಿ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ ಬಂತು. ಆದರೆ ಅಂಗನವಾಡಿಗೆ ವಹಿಸಿದ ಸೇವೆಗಳು ಆರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಇವು ಐದು. ಆರನೆಯದು ಶಾಲಾಪೂರ್ವ ಶಿಕ್ಷಣ. ನಾವು ಹೆಚ್ಚಾಗಿ ಮರೆಯುವುದು ಈ ಆರನೆಯದನ್ನೇ. ಅದು ಏನು, ಅದರಲ್ಲಿ ಮನೆಯವರ ಪಾಲು ಎಷ್ಟು ಎಂಬುದನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಚೆನ್ನಾಗಿ ನಡೆಯುವ ಅಂಗನವಾಡಿಯೊಂದರಲ್ಲಿ ಅರ್ಧ ಗಂಟೆ ಕೂತು ನೋಡಿ. ಮಕ್ಕಳು ಬಂದವರೇ ದುಂಡಗೆ ಕೂರುತ್ತಾರೆ. ಕೈ ಬಾಯಿ ಆಡಿಸಿ ಒಂದು ಅಭಿನಯ ಗೀತೆ ಆಗುತ್ತದೆ. ಆಮೇಲೆ ಟೀಚರ್ "ಇವತ್ತು ಬರುವಾಗ ದಾರಿಯಲ್ಲಿ ಏನೇನು ನೋಡಿದಿರಿ?" ಎಂದು ಕೇಳುತ್ತಾರೆ. ಒಬ್ಬ "ಎಮ್ಮೆ" ಅನ್ನುತ್ತಾನೆ. ಇನ್ನೊಬ್ಬಳು "ನಮ್ಮ ಮಾವನ ಟ್ರ್ಯಾಕ್ಟರ್" ಅನ್ನುತ್ತಾಳೆ. ಅದರ ಬಣ್ಣ ಯಾವುದು, ಎಷ್ಟು ಚಕ್ರ, ಹೇಗೆ ಸದ್ದು ಮಾಡುತ್ತದೆ ಎಂದು ಮಾತು ಬೆಳೆಯುತ್ತದೆ. ಇದಕ್ಕೆ ಮುಕ್ತ ಸಂಭಾಷಣೆ ಎಂದು ಹೆಸರು. ಅದಾದ ಮೇಲೆ ಮೂಲೆಯಲ್ಲಿ ಒಂದು ಮಗು ಹುಣಸೆ ಬೀಜ, ಅವರೆ ಕಾಳು, ಹೊಂಗೆ ಬೀಜ ಬೆರೆತ ತಟ್ಟೆಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕುತ್ತಿರುತ್ತದೆ. ನಾಲಿಗೆಯನ್ನು ತುಟಿಯ ಅಂಚಿಗೆ ತಂದು, ಎರಡು ಬೆರಳಲ್ಲಿ ಬೀಜ ಹಿಡಿದು, ಯಾವ ಬಟ್ಟಲು ಎಂದು ಒಂದು ಗಳಿಗೆ ಯೋಚಿಸುತ್ತದೆ. ತಪ್ಪಿ ಹಾಕಿದರೆ ತಾನೇ ತೆಗೆದು ಸರಿಮಾಡುತ್ತದೆ.

ಹೊರಗಿನಿಂದ ನೋಡಿದವರಿಗೆ ಇದು ಹೊತ್ತು ಕಳೆಯುವ ಆಟ. ಆದರೆ ಆ ತಟ್ಟೆಯ ಮುಂದೆ ಕೂತ ಮಗು ವಿಂಗಡಿಸುವುದನ್ನು ಕಲಿಯುತ್ತಿದೆ, ಹೆಚ್ಚು ಕಡಿಮೆಯನ್ನು ಕಲಿಯುತ್ತಿದೆ. ಮುಂದೆ ಲೆಕ್ಕ ಕೂರುವುದು ಈ ಅಡಿಪಾಯದ ಮೇಲೆ. ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳೂ ಅಲ್ಲೇ ತಯಾರಾಗುತ್ತಿವೆ. ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಮೂಳೆಗಳಲ್ಲಿ ಹಲವು ಮೂರು ವರ್ಷದ ಮಗುವಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪುಟಗಟ್ಟಲೆ ಅಕ್ಷರ ತಿದ್ದಿಸುವುದು ಹಿಂಸೆ. ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು, ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುವುದು, ಇವು ಆ ವಯಸ್ಸಿನ ಬರವಣಿಗೆ. ನಮ್ಮ ರಾಜ್ಯದ ಅಂಗನವಾಡಿಗಳಿಗಾಗಿ ರೂಪಿಸಿದ 'ಚಿಲಿಪಿಲಿ' ಪಠ್ಯಕ್ರಮವೂ ಆಟ, ಹಾಡು, ಕಥೆ, ಚಟುವಟಿಕೆಗಳ ಮೇಲೆಯೇ ನಿಂತಿದೆ.

ಈ ತಿಳಿವು ನಮ್ಮ ದೇಶಕ್ಕೆ ಹೊಸದಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ತೆರೆದು, ಬೆತ್ತವಿಲ್ಲದೆ ಆಟ ಮತ್ತು ಕಥೆಯಿಂದ ಮಕ್ಕಳಿಗೆ ಕಲಿಸಿ ತೋರಿಸಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅದನ್ನು ಮಹಾರಾಷ್ಟ್ರದ ಹಳ್ಳಿಗಳಿಗೆ, ಆದಿವಾಸಿಗಳ ಹಟ್ಟಿಗಳಿಗೆ ಕೊಂಡೊಯ್ದರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕು ಎಂಬುದು ಅವರ ದಾರಿಯಾಗಿತ್ತು.

ಈಗ ಮನೆಯ ಮಾತಿಗೆ ಬರೋಣ. ಮೂರು ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ ಅಂಗನವಾಡಿಗೆ ಬಂದು ಕೂರುವುದಿಲ್ಲ. ಅವರ ಪಾಲಿನ ಆಹಾರ ಮನೆಗೆ ಹೋಗುತ್ತದೆ, ತೂಕ ನೋಡುವುದಕ್ಕೆ ತಿಂಗಳಿಗೊಮ್ಮೆ ಕರೆದುಕೊಂಡು ಬರುತ್ತಾರೆ. ಹಾಗಾದರೆ ಆ ಮೊದಲ ಮೂರು ವರ್ಷದ ಕಲಿಕೆ ಪೂರ್ತಿಯಾಗಿ ಮನೆಯದೇ. ಮೂರು ದಾಟಿದ ಮಗು ಕೂಡ ದಿನದ ಕೆಲವು ಗಂಟೆ ಮಾತ್ರ ಕೇಂದ್ರದಲ್ಲಿರುತ್ತದೆ.

ಇದಕ್ಕೆ ಸಂಬಂಧಪಟ್ಟಂತೆ ಜಮೈಕಾ ದೇಶದ ಒಂದು ಅಧ್ಯಯನವನ್ನು ಹೇಳಲೇಬೇಕು. 1986-87ರಲ್ಲಿ ಆ ದೇಶದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಿಂದ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಎಳೆಯ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಪೌಷ್ಟಿಕ ಆಹಾರ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ಎರಡು ವರ್ಷ, ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟಳು. ಆಟಿಕೆಗಳು ಮನೆಯ ಹಳೇ ಸಾಮಾನಿನಿಂದ ಮಾಡಿದವು. ಇನ್ನು ಕೆಲವರಿಗೆ ಎರಡೂ ಸಿಕ್ಕವು, ಕೆಲವರಿಗೆ ಎರಡೂ ಇರಲಿಲ್ಲ. ಇಪ್ಪತ್ತು ವರ್ಷದ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ ಮತ್ತು ಮಾತು ಸಿಕ್ಕಿದ್ದವರ ಸಂಪಾದನೆ ಸಿಗದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತು. ದುಬಾರಿ ಶಾಲೆಯಲ್ಲ, ದುಬಾರಿ ಆಟಿಕೆಯಲ್ಲ, ತಾಯಿಯ ಮಾತು ಮಾಡಿದ ಕೆಲಸ ಇದು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬೇರೆ ಹೊತ್ತು ಎತ್ತಿಡಬೇಕಾಗಿಲ್ಲ. ಅವರೆಕಾಯಿ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕಾಯಲ್ಲಿ ಎಷ್ಟು ಕಾಳಿದೆ ನೋಡೋಣ ಎನ್ನಿ. ಬಟ್ಟೆ ಮಡಿಸುವಾಗ ಅಪ್ಪನ ಅಂಗಿ ದೊಡ್ಡದು, ನಿನ್ನದು ಚಿಕ್ಕದು ಎನ್ನಿ. ಸಂತೆಯಲ್ಲಿ ತರಕಾರಿಯ ಹೆಸರು ಹೇಳಿಸಿ. ಅಜ್ಜಿ ಇದ್ದರೆ ಕಥೆ ಹೇಳಲಿ. ಮಗು ಅದೇ ಕಥೆಯನ್ನು ಹತ್ತು ಸಲ ಕೇಳಿದರೂ ಬೇಸರಪಡಬೇಡಿ, ಹತ್ತನೆಯ ಸಲಕ್ಕೆ ಮುಂದೇನಾಗುತ್ತದೆ ಎಂದು ಅದೇ ಹೇಳುತ್ತದೆ. ಊಟ ಮಾಡಿಸಲು ಕೈಗೆ ಮೊಬೈಲ್ ಕೊಡುವ ಅಭ್ಯಾಸ ಈಗ ಹಳ್ಳಿಗೂ ಬಂದಿದೆ. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಮನೆ ಮಾತಿನ ವಿಷಯವನ್ನೂ ಹೇಳಬೇಕು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಆಡುವ ಎಷ್ಟೋ ಮಕ್ಕಳು ಅಂಗನವಾಡಿಗೆ ಬರುತ್ತಾರೆ. ಮೊದಮೊದಲು ಅವರು ಸುಮ್ಮನಿರುತ್ತಾರೆ. ಅದು ದಡ್ಡತನವಲ್ಲ, ಅವರು ಕೇಳಿಸಿಕೊಳ್ಳುತ್ತಿದ್ದಾರೆ. ತಾಯಿ ತಂದೆ ತಮ್ಮ ಮಾತಿನಲ್ಲೇ ಮನಸ್ಸು ಬಿಚ್ಚಿ ಮಾತಾಡಲಿ. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಇನ್ನೊಂದನ್ನು ಬೇಗ ಹಿಡಿಯುತ್ತದೆ.

ಅಂಗನವಾಡಿಗೆ ಸೇರಿದ ಮೊದಲ ವಾರದ ಅಳುವಿನ ಬಗ್ಗೆ ಒಂದು ಮಾತು. ಮಗು ಬೇರೆ ಕಡೆ ನೋಡುವಾಗ ಕದ್ದು ಹೊರಟುಬಿಡುವವರು ಬಹಳ. ಹಾಗೆ ಮಾಡಬೇಡಿ. ಮರುದಿನ ಮಗು ನಿಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮೊದಲೆರಡು ದಿನ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಆಮೇಲೆ "ಊಟ ಆದ ಮೇಲೆ ಬರ್ತೀನಿ" ಎಂದು ಹೇಳಿ ಹೊರಡಿ. ಹೇಳಿದ ಹೊತ್ತಿಗೆ ಬನ್ನಿ. ಕೊಟ್ಟ ಮಾತು ಉಳಿಯುತ್ತದೆ ಎಂದು ಮಗು ಕಲಿಯುವ ಮೊದಲ ಪಾಠ ಇದು.

ಅಂಗನವಾಡಿಯಲ್ಲಿ ಮಾತ್ರ ಸಿಗುವ ಪಾಠಗಳೂ ಇವೆ. ಎಲ್ಲ ಕೇರಿಯ ಮಕ್ಕಳು ಕೈ ತೊಳೆದು, ಒಂದೇ ಸಾಲಿನಲ್ಲಿ ಕೂತು, ಒಂದೇ ಅಡುಗೆ ಉಣ್ಣುತ್ತಾರೆ. ಮೂರು ವರ್ಷಕ್ಕೇ ಹೀಗೆ ಪಕ್ಕದಲ್ಲಿ ಕೂತು ಉಂಡವರಿಗೆ ಮುಂದೆ ಭೇದ ಕಲಿಸುವುದು ಕಷ್ಟ. ಹಿರಿಯರಾದ ನಾವು ಅದನ್ನು ಮನೆಯಲ್ಲಿ ಕೆಡಿಸಬಾರದು.

ದುಡಿಯುವ ತಾಯಂದಿರ ಕಷ್ಟ ಬೇರೆ ಬಗೆಯದು. ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳು ಬಂದವು. ಇಂಥ ಸೌಲಭ್ಯ ಕೇಳುವುದು ತಾಯಿಯ ಹಕ್ಕು, ಅದರಲ್ಲಿ ಸಂಕೋಚ ಬೇಡ.

ಇಷ್ಟೆಲ್ಲ ನಡೆಯಬೇಕಾದರೆ ಅಂಗನವಾಡಿ ಕಾರ್ಯಕರ್ತೆಗೆ ಮಕ್ಕಳ ಜೊತೆ ಕೂರಲು ಹೊತ್ತು ಸಿಗಬೇಕು. ಅವರು ಅಡುಗೆ ನೋಡಬೇಕು, ತೂಕ ಬರೆಯಬೇಕು, ಫೋನಿನಲ್ಲಿ ಮಾಹಿತಿ ತುಂಬಬೇಕು, ಮನೆ ಮನೆ ಸಮೀಕ್ಷೆಗೂ ಹೋಗಬೇಕು. ಕೈಗೆ ಬರುವುದು ಗೌರವಧನ. ಈ ಹೊರೆಯಲ್ಲಿ ಮೊದಲು ಬಲಿಯಾಗುವುದು ಮಕ್ಕಳ ಆಟದ ಹೊತ್ತು. ಬೆಳಗಿನ ಎರಡು ಗಂಟೆಯಾದರೂ ಆಕೆ ಬರೀ ಶಿಕ್ಷಕಿಯಾಗಿ ಇರುವಂತೆ ಸರ್ಕಾರವೂ ಊರೂ ನೋಡಿಕೊಳ್ಳಬೇಕು.

ಕೇಳುಗರೇ, ನಿಮ್ಮಲ್ಲಿ ನನ್ನದು ಮೂರು ಕೋರಿಕೆ. ಅಂಗನವಾಡಿಯಿಂದ ಬಂದ ಮಗುವನ್ನು "ಎಷ್ಟು ಬರೆದೆ?" ಎಂದು ಕೇಳಬೇಡಿ, "ಏನು ಆಡಿದೆ, ಯಾರ ಜೊತೆ ಆಡಿದೆ?" ಎಂದು ಕೇಳಿ. ನಿಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ, ತೂಕದ ಪಟ್ಟಿಯನ್ನೂ ಆಟಿಕೆಯ ಪೆಟ್ಟಿಗೆಯನ್ನೂ ನೋಡಿ. ಮೂರನೆಯದು ತಂದೆಯರಿಗೆ: ವಾರದಲ್ಲಿ ಒಂದು ದಿನವಾದರೂ ಮಗುವನ್ನು ನೀವೇ ಕೈಹಿಡಿದು ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಅದರ ಜೊತೆ ಮಾತಾಡಿ.