ಗುಂಪು ಬೇರೆ, ಸಂಘ ಬೇರೆ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಟ್ಟಾಗಿ ದುಡಿಯುವುದು ಹೇಗೆ ಅನ್ನೋದರ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಒಗ್ಗಟ್ಟಿನಲ್ಲಿ ಬಲವಿದೆ ಅಂತ ನೀವೆಲ್ಲ ಶಾಲೆಯ ಗೋಡೆ ಮೇಲೇ ಓದಿದ್ದೀರಿ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ಸಾಯಂಕಾಲದ ಹಾಲು ಹಾಕಿ ಬಂದು ಮನೆಮಂದಿಯೆಲ್ಲ ಕೂತು ನೋಡುವ ಟಿ.ವಿ.ಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ.

ಬಿಗ್ ಬಾಸ್ ನಿಮಗೆ ಗೊತ್ತು. ಕನ್ನಡದಲ್ಲಿ ಅದು 2013ರಲ್ಲಿ ಶುರುವಾಯಿತು. ಅದರ ಮೂಲ 1999ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಬಂದ ಬಿಗ್ ಬ್ರದರ್. ಇದೇ ಜಾತಿಯ ಇನ್ನೊಂದು ಆಟ ಅಮೆರಿಕದ ಸರ್ವೈವರ್. 2000ದಲ್ಲಿ ಸಿ.ಬಿ.ಎಸ್. ವಾಹಿನಿಯಲ್ಲಿ ಬಂತು. ನಾನು ಹೇಳ ಹೊರಟಿರುವುದು ಅದರ ಮೊದಲ ಆವೃತ್ತಿಯ ಕಥೆ.

ಮಲೇಷಿಯಾದ ಪುಲಾವ್ ಟಿಗಾ ಎಂಬ ದ್ವೀಪ. 16 ಜನರನ್ನು ಎಂಟೆಂಟರಂತೆ ಎರಡು ತಂಡ ಮಾಡಿ ಅಲ್ಲಿ ಬಿಟ್ಟರು. ಗುಡಿಸಲು ಅವರೇ ಕಟ್ಟಬೇಕು, ಬೆಂಕಿ ಅವರೇ ಕಾಯಬೇಕು. ಒಟ್ಟು 39 ದಿನ. ಪಂದ್ಯದಲ್ಲಿ ಸೋತ ತಂಡದವರು ರಾತ್ರಿ ಸಭೆ ಸೇರಿ, ತಮ್ಮಲ್ಲೇ ಒಬ್ಬರನ್ನು ಮತ ಹಾಕಿ ಹೊರಗೆ ಕಳಿಸಬೇಕು. ಕೊನೆಗೆ ಉಳಿದ ಒಬ್ಬರಿಗೆ 10 ಲಕ್ಷ ಡಾಲರ್ ಬಹುಮಾನ.

ಇದರಲ್ಲಿ ನಮ್ಮಂಥವರು ಕಲಿಯುವ ಮೊದಲ ಪಾಠ ಕೇಳಿ. ಒಂದು ತಂಡದಲ್ಲಿ 64 ವರ್ಷದ ಹಿರಿಯರೊಬ್ಬರಿದ್ದರು. ಗುಡಿಸಲು ಕಟ್ಟೋದಕ್ಕೆ ಬೆವರು ಸುರಿಸಿದರು. ಆದರೆ ಉಳಿದವರು ಮೈಗಳ್ಳರು ಅಂತ ಗೊಣಗಿದರು. ಆ ತಂಡ ಮೊದಲು ಮನೆಗೆ ಕಳಿಸಿದ್ದು ಅವರನ್ನೇ! ಇನ್ನೊಂದು ತಂಡದಲ್ಲಿ 72 ವರ್ಷದವರು, ನೌಕಾಪಡೆಯ ನಿವೃತ್ತ ಯೋಧರು. ಮಾತು ಒರಟು, ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವರು ಕೊನೆಯ ಮೂವರಲ್ಲಿ ಒಬ್ಬರಾಗಿ ಉಳಿದರು. ಕೆಲಸ ಮಾಡಿದರೆ ಸಾಲದು, ಮಾಡಿದ ಕೆಲಸವನ್ನು ಜೊತೆಗಾರರ ತಲೆ ಮೇಲೆ ಹೊರಿಸಬಾರದು. ನಮ್ಮಲ್ಲಿ ಕ್ಯಾನ್ ತೊಳೆಯುವವರು, ಹಾಲು ಅಳೆಯುವವರು, ಜಿಡ್ಡು ಪರೀಕ್ಷೆ ಮಾಡುವವರು, ಲೆಕ್ಕ ಬರೆಯುವವರು, ಎಲ್ಲರೂ ಇದ್ದಾರೆ. ನಾನಿಲ್ಲದಿದ್ದರೆ ಸಂಘವೇ ಇಲ್ಲ ಅಂತ ಒಬ್ಬರು ಅಂದರೆ ಉಳಿದವರ ಕೈ ಸಡಿಲವಾಗುತ್ತೆ. ಕ್ಯಾನ್ ಸರಿಯಾಗಿ ತೊಳೆಯದೆ ಹಾಲು ಹುಳಿಯಾದರೆ ಪರೀಕ್ಷೆಯವರ ಜಾಣತನವಾಗಲಿ, ಲೆಕ್ಕದವರ ಅಕ್ಷರವಾಗಲಿ ಅದನ್ನು ಉಳಿಸಲಾರದು.

ಎರಡನೆಯ ಪಾಠ ಇನ್ನೂ ಮುಖ್ಯ. ಆರು ಜನ ಹೋಗಿ ಹತ್ತು ಜನ ಉಳಿದಾಗ ಎರಡು ತಂಡವನ್ನೂ ಕೂಡಿಸಿದರು. ಆ ಕಡೆಯವರು ಐದು, ಈ ಕಡೆಯವರು ಐದು. ಈ ಕಡೆಯ ನಾಲ್ವರು ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರು. ಆ ರಾತ್ರಿ ಅವರ ನಾಲ್ಕು ಮತವೂ ಒಬ್ಬಾಕೆಯ ಮೇಲೆ ಬಿದ್ದವು. ಉಳಿದ ಆರು ಮತ ಆರು ಹೆಸರಿಗೆ ಹಂಚಿಹೋದವು. ಹತ್ತರಲ್ಲಿ ನಾಲ್ಕು ಬಹುಮತವೇ? ಅಲ್ಲ. ಆದರೂ ಗೆದ್ದದ್ದು ನಾಲ್ಕೇ. ಹೊರಗೆ ಹೋದಾಕೆ ಯಾರು ಗೊತ್ತೇ? ಕಾಡಿನಲ್ಲಿ ಜೀವ ಉಳಿಸಿಕೊಳ್ಳುವುದು ಹೇಗೆಂದು ವಾಯುಪಡೆಯಲ್ಲಿ ಪಾಠ ಹೇಳಿದ್ದವರು! ಆಮೇಲೆ ಆ ಕಡೆಯ ಉಳಿದ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಹೊರಟುಹೋದರು.

ಬಂಧುಗಳೇ, ಇದು ದ್ವೀಪದ ಕಥೆ ಮಾತ್ರವೇ? ಮಹಾಸಭೆಯ ನೋಟಿಸು ಬಂದಾಗ ರಾಗಿ ಕೊಯ್ಲಿದೆ ಅಂತ ನಾವು ಹೋಗದಿದ್ದರೆ, ಹೋದರೂ ಮಾತಾಡದೆ ಸಹಿ ಹಾಕಿ ಬಂದರೆ, ಬೋನಸ್ಸಿನಿಂದ ಹಿಡಿದು ಕಟ್ಟಡದವರೆಗೆ ನಾಲ್ಕು ಜನ ಹೇಳಿದ್ದೇ ತೀರ್ಮಾನ. ಆಮೇಲೆ ಟೀ ಅಂಗಡಿ ಮುಂದೆ ನಿಂತು ಬೈದರೆ ಏನು ಬಂತು? ನಾಲ್ಕು ಜನ ಒಂದಾದರೆ ಅದು ಗುಂಪು. ಎಲ್ಲರ ಎದುರಿಗೆ ಮಾತಾಡಿ, ಒಪ್ಪದವನ ಮಾತನ್ನೂ ಕೇಳಿ ಒಂದಾದರೆ ಅದು ಸಂಘ. ಎರಡೂ ಹೊರಗಿನಿಂದ ಒಗ್ಗಟ್ಟಿನ ಹಾಗೇ ಕಾಣುತ್ತವೆ. ಆದರೆ ಒಂದು ಬಾಗಿಲು ಹಾಕಿಕೊಳ್ಳುತ್ತೆ, ಇನ್ನೊಂದು ತೆಗೆದಿಡುತ್ತೆ.

ಇನ್ನು ಕೊನೆಯ ರಾತ್ರಿ. ಉಳಿದ ಇಬ್ಬರಲ್ಲಿ ಗೆದ್ದವರು ಯಾರೆಂದು ತೀರ್ಮಾನ ಮಾಡಿದವರು ಕಡೆಯಲ್ಲಿ ಹೊರಗೆ ಹೋದ ಏಳು ಜನ. ಯಾರನ್ನು ತಳ್ಳಿದ್ದರೋ ಅವರ ಮುಂದೆಯೇ ಕೈ ಕಟ್ಟಿ ನಿಲ್ಲಬೇಕಾಯಿತು. ರಿಚರ್ಡ್ ಹ್ಯಾಚ್ ಎಂಬಾತ 4-3 ಮತದಿಂದ ಗೆದ್ದ. ಮೀನು ಹಿಡಿದು ಎಲ್ಲರಿಗೂ ಹಾಕಿದವನು, ಆ ನಾಲ್ವರ ಗುಂಪು ಕಟ್ಟಿದವನೂ ಅವನೇ. ಬುದ್ಧಿವಂತ, ಅನುಮಾನವಿಲ್ಲ. ಆದರೆ ಗೆದ್ದ ಹಣಕ್ಕೆ ತೆರಿಗೆ ಕಟ್ಟಲಿಲ್ಲವೆಂದು 2006ರಲ್ಲಿ ಅವನಿಗೆ 51 ತಿಂಗಳ ಜೈಲು ಶಿಕ್ಷೆಯಾಯಿತು. ಜನರನ್ನು ಲೆಕ್ಕ ಹಾಕುವುದು ಗೊತ್ತಿದ್ದರೆ ಸಾಲದು, ದುಡ್ಡಿನ ಲೆಕ್ಕವೂ ಸರಿ ಇರಬೇಕು. ಸಂಘದ ಪುಸ್ತಕಕ್ಕೂ ಇದೇ ಮಾತು.

ಆ ಆಟದಲ್ಲಿ ಒಬ್ಬ ಗೆಲ್ಲಬೇಕಾದರೆ 15 ಜನ ಸೋಲಲೇಬೇಕು. ಅದಕ್ಕೇ ಅದು ಆಟ. ಸಹಕಾರದ ನಿಯಮ ಬೇರೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾರನ್ನೋ ಹೊರಗೆ ಹಾಕೋದಕ್ಕಲ್ಲ, ಒಬ್ಬನಿಗೆ ಹುಟ್ಟದ ಸಾಲ ಹತ್ತು ಜನ ಸೇರಿದರೆ ಹುಟ್ಟುತ್ತೆ ಅಂತ. ನಮ್ಮಲ್ಲಿ ಹತ್ತು ಷೇರು ಇದ್ದವನಿಗೂ ಒಂದೇ ಓಟು, ಒಂದು ಷೇರು ಇದ್ದವನಿಗೂ ಒಂದೇ ಓಟು. ನಾಲ್ಕು ಸೀಮೆ ಹಸು ಕಟ್ಟಿದವರ ಕ್ಯಾನೂ ಬೇಕು, ಒಂದು ಎಮ್ಮೆ ಇಟ್ಟುಕೊಂಡ ಅಜ್ಜಿಯ ಅರ್ಧ ಲೀಟರೂ ಬೇಕು. ಚುನಾವಣೆಯಲ್ಲಿ ಎದುರಾಳಿಯಾದವನು ಮಾರನೇ ದಿನ ಬೆಳಗ್ಗೆ ಹಾಲಿನ ಸಾಲಿನಲ್ಲಿ ನಮ್ಮ ಹಿಂದೆಯೇ ನಿಂತಿರುತ್ತಾನೆ. ಇಲ್ಲಿ ಎಲಿಮಿನೇಷನ್ ಇಲ್ಲ ಸ್ವಾಮಿ!

ಮುಂದಿನ 25 ವರ್ಷಕ್ಕೆ ಮೂರೇ ಅರಿಕೆ. ಪರೀಕ್ಷೆಯಲ್ಲಿ ಬಂದ ಜಿಡ್ಡಿನ ಅಂಕಿಯನ್ನು ಹಾಲು ಹಾಕಿದವರ ಕಣ್ಣೆದುರೇ ತೋರಿಸಿ ಬರೆಯಿರಿ. ಮಹಾಸಭೆಗೆ ಮನೆಯ ಹೆಣ್ಣುಮಕ್ಕಳೂ ಬಂದು ಮಾತಾಡಲಿ, ಹಸು ನೋಡಿಕೊಳ್ಳುವವರು ಅವರೇ. ಬೇಸರವಿದ್ದರೆ ಸಭೆಯಲ್ಲೇ ಹೇಳಿ, ಸಭೆ ಮುಗಿದ ಮೇಲೆ ತೀರ್ಮಾನಕ್ಕೆ ಹೆಗಲು ಕೊಡಿ.

ಈ ಸಂಘ ಸುವರ್ಣ ಮಹೋತ್ಸವ ಕಾಣಲಿ, ಆ ದಿನ ನಮ್ಮ ಮೊಮ್ಮಕ್ಕಳು ಈ ವೇದಿಕೆಯಲ್ಲಿ ನಿಂತು ಮಾತಾಡಲಿ ಎಂದು ಹಾರೈಸುತ್ತೇನೆ.