ಟಕ್ ಅಂತು, ದೀಪ ಬರಲಿಲ್ಲ

ಕಾಖಂಡಕಿಯ ನಮ್ಮ ತೋಟದ ಮನೆಯಲ್ಲಿ ಹಳೇ ಸೋಲಾರ್ ಲೈಟ್ ಇದೆ. 12 ವೋಲ್ಟಿನ ಬ್ಯಾಟರಿ, ನಾಲ್ಕು ದೀಪ, ಗೋಡೆ ಮೇಲೊಂದು ಕಂಟ್ರೋಲರ್ ಡಬ್ಬಿ. ಬ್ಯಾಟರಿ ಸುಮಾರು 11 ವೋಲ್ಟಿಗೆ ಇಳಿದರೆ ಡಬ್ಬಿಯೊಳಗಿನ ರಿಲೇ ‘ಟಕ್’ ಅಂತ ದೀಪ ಆರಿಸುತ್ತೆ. ಚಾರ್ಜ್ ಆದಮೇಲೆ ಮತ್ತೆ ‘ಟಕ್’, ದೀಪ ಬರುತ್ತೆ. ಹೋದ ಮಳೆಗಾಲ ಸದ್ದಷ್ಟೇ ಬಂತು. ಅವ್ವ ಮೊಬೈಲ್ ಟಾರ್ಚ್‌ನಲ್ಲಿ ರೊಟ್ಟಿ ಬಡಿದಳು.

ಸದ್ದು ಇದೆ ಅಂದ್ರೆ ಕಾಯಿಲ್ ಸರಿ ಇದೆ, ಕಾಂಟ್ಯಾಕ್ಟ್ ಸುಟ್ಟಿರಬೇಕು. ನಾನು ಜಾಣತನ ಮಾಡಿ ರಿಲೇ ಬಿಟ್ಟು ವೈರ್ ನೇರ ಜೋಡಿಸಿದೆ. ದೀಪ ಬಂತು ನೋಡ್ರಿ! ಆದರೆ ತಡೆಯೋರಿಲ್ಲದ ಬ್ಯಾಟರಿ ದಿನಾ ರಾತ್ರಿ ಪೂರ್ತಿ ಬರಿದಾಗಿ, ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಚಾರ್ಜ್ ಹಿಡಿಯೋದನ್ನೇ ಬಿಡ್ತು. ಸಣ್ಣ ರಿಲೇ ಉಳಿಸಲು ಹೋಗಿ ಸಾವಿರಗಟ್ಟಲೆ ಕಳಕೊಂಡೆ.

ಆಮೇಲೆ ವಿಜಯಪುರಕ್ಕೆ ಹೋಗಿ ರಿಲೇ ತಂದೆ. ಅದರ ಮೈಮೇಲೆ ಎರಡು ಬರಹ: 10 ಆಂಪಿಯರ್ 250 ವೋಲ್ಟ್ ಎಸಿ, 10 ಆಂಪಿಯರ್ 30 ವೋಲ್ಟ್ ಡಿಸಿ. ನಮಗೆ ಬೇಕಾದ್ದು ಎರಡನೇದು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಹಾಗಾಗಿ ಕಿಡಿ ಬೇಗ ಆರುತ್ತೆ. ಡಿಸಿಯಲ್ಲಿ ಕಿಡಿ ಎಳೆದಾಡಿ ಕಾಂಟ್ಯಾಕ್ಟ್ ಸುಡುತ್ತೆ. ಕಾಯಿಲ್ ಕೂಡ 12 ವೋಲ್ಟಿನದೇ ಇರಲಿ, ಪಿನ್ ಹೊಂದಲಿ.

ಬಿಚ್ಚುವಾಗ ಮೊದಲು ಪ್ಯಾನೆಲ್ ವೈರ್, ಆಮೇಲೆ ಬ್ಯಾಟರಿ. ಜೋಡಿಸುವಾಗ ತಿರುವುಮುರುವು. 12 ವೋಲ್ಟ್ ತಾನೇ ಅನ್ನೋ ಉಡಾಫೆ ಬೇಡ. ಬ್ಯಾಟರಿಯ ಎರಡೂ ತುದಿ ತಾಕಿದ್ರೆ ವೈರ್ ಕೆಂಪಗೆ ಕಾಯುತ್ತೆ.

ನಿನ್ನೆ ರಾತ್ರಿ ಮತ್ತೆ ಟಕ್ ಅಂತು. ‘ಯಾಕ ಹೋತು?’ ಅಂದಳು ಅವ್ವ.

‘ಬ್ಯಾಟರಿ ಉಳಸಾಕತ್ತೈತಿ, ಯವ್ವಾ.’