ಬಿಸ್ಕೀಟಿನ ನಾಯಿ, ರೊಟ್ಟಿಯ ನಾಯಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲ ಹಿಡಿದವ ನಾನು. ‘ಸಹಕಾರದ ಮಹತ್ವ’ ಕುರಿತು ಮಾತಾಡ್ರಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಅದನ್ನು ನನಗಿಂತ ಬಲ್ಲವರು ಹೇಳಿ ಮುಗಿಸಿದ್ದಾರೆ. ಆದ್ದರಿಂದ ನಾನು ನಾಯಿ ಬಗ್ಗೆ ಮಾತಾಡುತ್ತೇನೆ. ನಗಬ್ಯಾಡ್ರಿ, ಕಡೀಕ ಸಂಘಕ್ಕೇ ಬಂದು ಮುಟ್ಟುತ್ತೇನೆ.

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದಾಗ ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಕುರುಬರು ಹಿಂಡು ತಂದು ಹೊಲದಾಗ ಕುರಿ ನಿಲ್ಲಿಸುವುದು ಹಿಂದಿನಿಂದ ಬಂದ ಪದ್ಧತಿ. ಕುರಿ ಹಿಕ್ಕಿ, ಗಂಜಲದಿಂದ ಭೂಮಿಗೆ ಬಲ ಬರುತ್ತದೆ. ಅದಕ್ಕೆ ನಾವು ಕಾಳು ಇಲ್ಲವೇ ರೊಕ್ಕ ಕೊಡುತ್ತೇವೆ. ಹೋದ ವರ್ಷ ನಮ್ಮ ಹೊಲಕ್ಕೂ ಒಂದು ಹಿಂಡು ಬಂತು. ಒಬ್ಬ ಮುದುಕ ಕಾಕಾ, ಅವನ ಮಗ, ಒಂದು ಕುದುರಿ, ಎರಡು ನಾಯಿ.

ಕುರಿ ನಾಯಿ ಎಂದ ಕೂಡಲೇ ಎಲ್ಲರೂ ಮುಧೋಳ ನಾಯಿ ಅನ್ನುತ್ತಾರೆ. ಮುಧೋಳ ನಾಯಿ ದೊಡ್ಡದೇ, 2005ರಾಗ ಅದರ ಚಿತ್ರದ ಅಂಚೆ ಚೀಟಿಯೂ ಬಂದಿದೆ. ಆದರೆ ಅದು ಮೊಲ ಬೆನ್ನಟ್ಟುವ ಬೇಟೆ ನಾಯಿ. ಕಾಕಾನ ನಾಯಿಗಳಿಗೆ ಜಾತಿಯೂ ಇಲ್ಲ, ಅಂಚೆ ಚೀಟಿಯೂ ಇಲ್ಲ. ಅವುಗಳ ಕೆಲಸ ಒಂದೇ. ರಾತ್ರಿ ಹಿಂಡಿನ ಆ ಕಡೆಗೊಂದು, ಈ ಕಡೆಗೊಂದು ಮಲಗುವುದು, ತೋಳ ಬಂದರೆ ಎದ್ದು ನಿಲ್ಲುವುದು. ತೋಳನನ್ನು ಕೊಲ್ಲುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಹೀಗಾಗಿ ಕುರುಬನಿಗೆ ನಾಯಿಯೇ ಪೊಲೀಸು.

ನನ್ನ ಮಗ ಕಾಲೇಜು ಓದುತ್ತಾನೆ. ಮೊಬೈಲಿನಾಗ ಪರದೇಶದವರು ನಾಯಿಗೆ ತಿನಿಸು ಕೊಟ್ಟು ಕಲಿಸುವುದನ್ನು ನೋಡಿದ್ದ. “ಅಪ್ಪಾ, ಇದು ವಿಜ್ಞಾನ. ಹೊಡಿಯೂದಿಲ್ಲ, ಬಡಿಯೂದಿಲ್ಲ, ಬಿಸ್ಕೀಟ ಕೊಟ್ಟ ಕಲಸೂದು” ಅಂದ. ಸುಳ್ಳಲ್ಲ. ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿ, 1904ರಾಗ ನೊಬೆಲ್ ಪಾರಿತೋಷಕ ಪಡೆದವನು, ಊಟದ ಮೊದಲು ಕೇಳಿದ ಸಪ್ಪಳಕ್ಕೇ ನಾಯಿ ಬಾಯಾಗ ನೀರು ಬರುವುದನ್ನು ತೋರಿಸಿಕೊಟ್ಟಿದ್ದಾನೆ. ನಮ್ಮ ಸಾಮಾನ್ಯ ಸಭೆಯಾಗ ಊಟದ ಪಂಕ್ತಿಯ ಸಪ್ಪಳ ಕೇಳಿದರೆ ಸದಸ್ಯರು ಜಮಾಖರ್ಚು ಬಿಟ್ಟು ಏಳುತ್ತಾರಲ್ಲ, ಅದೇ ಶಾಸ್ತ್ರ.

ಮಗ ಬಿಸ್ಕೀಟಿನ ಪುಡಿಕೆ ಹಿಡಿದು ಹಿಂಡಿಗೆ ಹೋದ. ನಾಯಿಗೆ “ಕೂಡ್ರು” ಅಂದು ಮೊದಲನೇ ಬಿಸ್ಕೀಟು ಒಗೆದ. ಆಡು ತಿಂದಿತು. ಎರಡನೇದು ಒಗೆದ, ಕುರಿ ತಿಂದಿತು. ಮೂರನೇದು ನಾಯಿಗೆ ಸಿಕ್ಕಿತು. ಪುಡಿಕೆ ಮುಗಿಯುವುದರಾಗ ಎಲ್ಲರಕಿಂತ ಮೊದಲು ಪಾಠ ಕಲಿತದ್ದು ಆಡು. ಮರುದಿನ ಮಗನ ಕಂಡ ಕೂಡಲೇ ಅದೇ ಮುಂದೆ ಬಂದು ನಿಂತಿತು!

ಕಾಕಾ ಬೀಡಿ ಹಚ್ಚಿಕೊಂಡು ನಕ್ಕ. “ತಮ್ಮಾ, ಇನ್ನೂರು ಕುರಿಗೆ ಬಿಸ್ಕೀಟ ತರಾಕ ನಿಮ್ಮಪ್ಪ ಕಬ್ಬಿನ ಬಿಲ್ ಪೂರ್ತಿ ಕೊಡಬೇಕಾಕ್ಕೈತಿ” ಅಂದ. ನಾವೂ ನಕ್ಕೆವು.

ಮೂರು ದಿನಕ್ಕೆ ಒಂದು ನಾಯಿ ಕೂಡ್ರುವುದನ್ನು ಚೆಂದಾಗಿ ಕಲಿತಿತು. ನಾಲ್ಕನೇ ರಾತ್ರಿ ಅದು ಹಿಂಡಿನ ತನ್ನ ಕಡೆ ಬಿಟ್ಟು, ನಮ್ಮ ಮನೆಯ ಬಾಗಿಲ ಮುಂದೆ ಬಂದು ಶಿಸ್ತಿನಿಂದ ಕೂತಿತ್ತು, ಬಿಸ್ಕೀಟಿನ ಹಾದಿ ಕಾಯುತ್ತ. ಆ ಕಡೆಯಿಂದಲೇ ಕಬ್ಬಿನಾಗಿಂದ ತೋಳ ಬಂತು. ಬೆಳಿಗ್ಗೆ ನೋಡಿದರೆ ಒಂದು ಮರಿ ಇಲ್ಲ.

ಬಂಧುಗಳೇ, ಅಂದು ನನಗೆ ನಗು ಬರಲಿಲ್ಲ. ಮರಿಯ ರೊಕ್ಕ ತಗೊಂಡು ಕಾಕಾನ ಮುಂದೆ ನಿಂತೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮರಿ ಹೋತು, ಹೋಗಲಿ ಸಾವಕಾರ. ನನ್ನ ನಾಯಿ ನನಗ ತಿರಗಿ ಕೊಡ್ರಿ” ಅಂದ.

ನನ್ನ ಮಗನೇ ಎಂಟು ರಾತ್ರಿ ಕಂಬಳಿ ಹೊದ್ದುಕೊಂಡು ಹಿಂಡಿನಾಗ ಮಲಗಿದ. ಹಗಲೆಲ್ಲ ಕೈಯಾಗ ಏನೂ ಇಲ್ಲ. ಬೆಳಗಾದ ಮೇಲೆ, ಕುರಿ ಎಣಿಸಿದ ಮೇಲೆ, ಎರಡೂ ನಾಯಿಗೆ ರೊಟ್ಟಿ, ಮಜ್ಜಿಗಿ. ನಾಯಿ ಮತ್ತ ತನ್ನ ಜಾಗಕ್ಕೆ ಹೋಯಿತು. “ನಾನೂ ತಿನಸತೀನಿ ತಮ್ಮಾ. ಆದರ ಕೆಲಸದ ಮುಂದ ತೋರಸೂದಿಲ್ಲ, ಕೆಲಸದ ಹಿಂದ ಹಾಕತೀನಿ. ಮತ್ತ ಕುನ್ನಿ ಇದ್ದಾಗಿಂದ ಅದು ಕುರಿ ಜೋಡಿ ಮಲಗಿ ಬೆಳದೈತಿ. ಕುರಿ ತನ್ನವು ಅಂತ ತಿಳದೈತಿ” ಎಂದು ಕಾಕಾ ಹೇಳಿದ.

ಬ್ರಿಟನ್ನಿನಾಗೂ ಕುರಿ ನಾಯಿಗಳಿವೆ. ವೇಲ್ಸಿನ ಬಾಲಾ ಎಂಬಲ್ಲಿ 1873ರಾಗಲೇ ಅವುಗಳ ಪಂದ್ಯ ನಡೆದಿತ್ತು. ಅವು ಸಿಳ್ಳಿಗೆ ಹಿಂಡು ತಿರುಗಿಸುವ ನಾಯಿ. ಅಲ್ಲಿಯ ಕುರಿಗಾರರೂ ಕೆಲಸದ ನಡುವೆ ತಿನಿಸು ಕೊಡುವುದು ಕಡಿಮೆ. ಕುರಿ ಹತ್ತಿರ ಹೋಗಲು ಬಿಡುವುದೇ ಆ ನಾಯಿಗೆ ಬಹುಮಾನವಂತೆ. ನಮ್ಮ ಕಾಕಾ ಅಲ್ಲಿಗೆ ಹೋಗಿ ಕಲಿತು ಬಂದವನಲ್ಲ.

ಈಗ ಸಂಘಕ್ಕೆ ಬರುತ್ತೇನೆ. 1905ರಾಗ ಗದಗ ಕಡೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಯಾರಿಗೂ ಬಿಸ್ಕೀಟು ತೋರಿಸಲಿಲ್ಲ. ಸಂಘ ತಮ್ಮದು ಎಂದು ಜನ ತಿಳಿದರು. ಇಂದು ಸಕಾಲಕ್ಕೆ ತುಂಬಿದವರಿಗೆ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಅದರ ಮಿತಿಯನ್ನು ಸರಕಾರ 2023ರ ಬಜೆಟ್ಟಿನಾಗ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅದು ರೊಟ್ಟಿ, ಕೆಲಸ ಮಾಡಿದ ಮೇಲೆ ಸಿಗುವುದು. ಮನ್ನಾ ಬರುತ್ತದೆಂಬ ಸುದ್ದಿ ಬಿಸ್ಕೀಟು. 2019ರ ಆಗಸ್ಟಿನ ಮಹಾಪೂರದಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಮನಿ ಹೊಲ ಮುಳುಗಿದವರಿಗೆ ಕೊಟ್ಟ ನೆರವು ಬಿಸ್ಕೀಟಲ್ಲ, ಅದು ಜೀವದ ಅನ್ನ. ಅದನ್ನು ಆಡಿಕೊಂಡರೆ ನನ್ನ ನಾಲಿಗೆ ಸೀಳಲಿ. ನಾನು ಹೇಳುವುದು, ಕೈಯಾಗ ರೊಕ್ಕ ಇದ್ದೂ ಬಾಗಿಲಿಗೆ ಬಂದು ಕೂತವರ ಮಾತು.

ಆ ಪೈಕಿ ಒಬ್ಬ ನಾನೇ. ನಿರ್ದೇಶಕ ಆಗುವ ಮೊದಲು, 2018ರಾಗ, ಕಬ್ಬಿನ ಬಿಲ್ ಬಂದಿದ್ದರೂ ಮನ್ನಾ ಆಗಲೆಂದು ಕಂತು ತುಂಬದೆ ಕೂತೆ. ನನ್ನಂಥವರು ಕೂತದ್ದಕ್ಕೆ ಮುಂದಿನ ಹಂಗಾಮಿಗೆ ಎಷ್ಟು ಮಂದಿಗೆ ಹೊತ್ತಿಗೆ ಸಾಲ ಸಿಗಲಿಲ್ಲವೋ, ಅವರೇ ಹೋದ ಮರಿ. ಆಮೇಲೆ ಬಡ್ಡಿ ಸಹಿತ ತುಂಬಿದೆ. ಇಲ್ಲಿ ಕೂತ ಆ ಬಂಧುಗಳಲ್ಲಿ ಇಂದು ಕ್ಷಮೆ ಕೇಳುತ್ತೇನೆ.

ಕಡೆಯದೊಂದು ಮಾತು. ನಮ್ಮ ಹೊಲಕ್ಕೆ ಬಲ ಕೊಡುವ ಕಾಕಾನಂಥವರ ಹೆಸರಿನಾಗ ಉತಾರ ಇಲ್ಲ, ಅದಕ್ಕೆ ನಮ್ಮ ಸಾಲದ ವಹಿಯಾಗ ಅವರ ಹೆಸರೂ ಇಲ್ಲ. ಇಬ್ಬರು ಸದಸ್ಯರ ಜಾಮೀನಿನ ಮೇಲೆ ಅವರಿಗೂ ಕುರಿ ಸಾಲ ಕೊಡಲು ಬರುತ್ತದೇನು ಎಂದು ಮುಂದಿನ ಸಭೆಯಾಗ ವಿಚಾರ ಮಾಡೋಣ. ಮೊದಲ ಜಾಮೀನು ನನ್ನದು.

ಊಟ ತಯಾರಾಗಿದೆ. ಆದರೆ ಠರಾವು ಮುಗಿದ ಮೇಲೆ!

ಜೈ ಸಹಕಾರ, ಜೈ ಕರ್ನಾಟಕ.